ಮುರಳಿಮೋಹನನ ಎಡ ಇಂಡಿಕೇಟರ್

ಮುರಳಿಮೋಹನ ನನ್ನ ಪಕ್ಕದ ಮನೆಯವನು. ಇದು ನನ್ನ ತಪ್ಪಲ್ಲ. ಶಿಡ್ಲಘಟ್ಟದಲ್ಲಿ ಮನೆ ಕಟ್ಟುವಾಗ ಸೈಟಿನ ಅಳತೆ ನೋಡಿದೆ, ನೀರಿನ ಅನುಕೂಲ ನೋಡಿದೆ. ಪಕ್ಕಕ್ಕೆ ಯಾರು ಬರುತ್ತಾರೆ ಎಂದು ವಿಚಾರಿಸುವ ಬುದ್ಧಿ ಮಾತ್ರ ಬರಲಿಲ್ಲ. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಯಾರ ತಂಟೆಗೂ ಹೋಗದೆ ಬದುಕುತ್ತಿರುವ ಮನುಷ್ಯ. ಹಾಗಿದ್ದರೂ ಅವನು ಹೊಸದಾಗಿ ಏನಾದರೂ ಶುರು ಮಾಡಿದಾಗಲೆಲ್ಲ ಕಾಂಪೌಂಡ್ ಗೋಡೆಯ ಮೇಲೆ ಅವನ ತಲೆ ಮೂಡುತ್ತದೆ. "ರಮೇಶ್‌ಬಾಬು, ಸ್ವಲ್ಪ ಬರ್ತೀಯಾ?" ಎನ್ನುತ್ತದೆ. ಆ ಸ್ವಲ್ಪ ಇದುವರೆಗೆ ಒಂದು ಸಲವೂ ಸ್ವಲ್ಪಕ್ಕೆ ಮುಗಿದಿಲ್ಲ.

ಈ ಸಲ ಅವನು ಶುರು ಮಾಡಿದ್ದು ಚಾಕಿ ಕೇಂದ್ರ. ರೇಷ್ಮೆ ಹುಳುವಿನ ಮರಿಗಳನ್ನು ಮೊಟ್ಟೆಯೊಡೆದ ದಿನದಿಂದ ಎರಡನೇ ಜ್ವರದವರೆಗೆ ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುವ ಕೆಲಸ. ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳು ಹಿಪ್ಪುನೇರಳೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲುಗಾಡದೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹಾಗೆ ಕೂತಿರುವಾಗಲೇ ಸಾಗಿಸಿಬಿಡಬೇಕು. ಎದ್ದ ಮೇಲೆ ಹೊತ್ತಿಗೆ ಸರಿಯಾಗಿ ಎಳೆ ಸೊಪ್ಪು ಬೀಳದಿದ್ದರೆ ಆ ಬೆಳೆ ಕೈಗೆ ಹತ್ತುವುದಿಲ್ಲ.

ಎಲ್ಲರೂ ಇದಕ್ಕೊಂದು ಸಾಧಾರಣ ವ್ಯಾನ್ ಇಟ್ಟುಕೊಳ್ಳುತ್ತಾರೆ. ಮುರಳಿಮೋಹನನಿಗೆ ಸಾಧಾರಣ ಎಂಬ ಶಬ್ದವೇ ಆಗದು. ನಂದಿಯ ಹತ್ತಿರ ಮುಚ್ಚಿಹೋದ ರೆಸಾರ್ಟ್ ಒಂದರಲ್ಲಿ ಮೂಲೆಗೆ ಬಿದ್ದಿದ್ದ ಟ್ರೇಲರನ್ನು ಪತ್ತೆ ಹಚ್ಚಿ ತಂದ. ಪ್ರವಾಸಿಗರು ಒಳಗೆ ಮಲಗುತ್ತಿದ್ದ, ಕಿಟಕಿ ಪರದೆ ಎಲ್ಲ ಇದ್ದ ಡಬ್ಬಿ ಅದು. ಮಂಚ ಕಿತ್ತು ಹುಳುವಿನ ತಟ್ಟೆ ಜೋಡಿಸುವ ಸ್ಟ್ಯಾಂಡ್ ಕೂರಿಸಿದ, ಎ.ಸಿ. ಸರಿಮಾಡಿಸಿದ, ತನ್ನ ಪಿಕಪ್ ಗಾಡಿಯ ಹಿಂದೆ ಕಟ್ಟಿದ. ಅಡಿಯಿಂದ ಮುಡಿಯವರೆಗೆ, ನಟ್ಟು ಬೋಲ್ಟನ್ನೂ ಬಿಡದೆ, ಕಣ್ಣು ಕುಕ್ಕುವ ಬಿಳಿ ಬಣ್ಣ ಹೊಡೆಸಿದ. ಬಣ್ಣಕ್ಕೊಂದು ಗೀರು ಬಿದ್ದರೆ ಅವನ ಎದೆಗೇ ಬಿದ್ದಷ್ಟು ನೋವು.

ಇಷ್ಟಾದರೂ ಅವನ ನಿಜವಾದ ಹೆಮ್ಮೆ ಬಣ್ಣದ್ದಲ್ಲ, ಬ್ರೇಕಿನದು. ನಮ್ಮ ಕಡೆ ಟ್ರೇಲರ್ ಅಂದರೆ ಟ್ರ್ಯಾಕ್ಟರಿನ ಹಿಂದೆ ಬರುವುದು; ಅದಕ್ಕೆ ಬ್ರೇಕ್ ಇದೆಯೇ ಎಂದು ಯಾರೂ ಕೇಳಿದವರಲ್ಲ. ಇದಕ್ಕೋ ಎಲೆಕ್ಟ್ರಿಕ್ ಬ್ರೇಕ್. "ಮುಂದೆ ನಾನು ಕಾಲಲ್ಲಿ ಬ್ರೇಕ್ ಒತ್ತುದ್ರೆ ವೈರ್‌ನಲ್ಲಿ ಕರೆಂಟ್ ಹೋಗಿ ಹಿಂದಿನ ಚಕ್ರ ತಾನಾಗೇ ಹಿಡ್ಕೊಳ್ಳುತ್ತೆ," ಎಂದು ಕ್ಷೌರದಂಗಡಿಯಲ್ಲಿ, ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ, ನನ್ನ ಅಂಗಡಿಗೆ ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಸಲು ಬಂದವರ ಮುಂದೆಲ್ಲ ವಿವರಿಸಿದ. ಅವನ ವಿವರಣೆ ಮುಗಿಯುವವರೆಗೆ ಅವರಿಗೆ ಕೊಡಬೇಕಾದ ಚಿಲ್ಲರೆ ನನ್ನ ಕೈಯಲ್ಲೇ ಉಳಿಯುತ್ತಿತ್ತು.

ಮೊದಲನೇ ತಂಡದ ಹುಳು ಹೋಗಬೇಕಾಗಿದ್ದದ್ದು ಅವನ ಹೆಂಡತಿ ಭಾನುಪ್ರಿಯಾಳ ತವರಿಗೆ, ಅಂಬಾಜಿದುರ್ಗದ ಬುಡದ ಹಳ್ಳಿಗೆ. ಭಯವಿದ್ದದ್ದೇ ಅಲ್ಲಿ. ಅವನ ಮಾವ ಆವಲಪ್ಪನವರು ಅಳಿಯನ ಬಗ್ಗೆ ಒಳ್ಳೆಯ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅಣಬೆ ಬೆಳೆದಾಗ ನಕ್ಕಿದ್ದರು, ನೀರಿನ ಫಿಲ್ಟರ್ ಘಟಕ ಹಾಕಿದಾಗ ಎದ್ದುಹೋಗಿದ್ದರು. ಅಂಥವರು ಈ ಸಲ ಅದೇನು ತೋಚಿತೋ, ಊರಿನ ಹತ್ತು ಹನ್ನೆರಡು ಮನೆಗೆ ತಾವೇ ಹೋಗಿ, "ನಮ್ಮ ಅಳಿಯನ ಹುಳ ತಗೊಳ್ಳಿ. ಹೆಚ್ಚು ಕಮ್ಮಿ ಆದ್ರೆ ನನ್ನನ್ನ ಕೇಳಿ," ಎಂದುಬಿಟ್ಟಿದ್ದರು. ಆ ಮನೆಗಳವರೆಲ್ಲ ಹುಳದ ಮನೆ ತೊಳೆದು, ಔಷಧಿ ಹೊಡೆದು, ಸೊಪ್ಪು ಹದಕ್ಕೆ ತಂದು ಕಾಯುತ್ತಿದ್ದರು. ಅಂದಿನಿಂದ ಮುರಳಿಮೋಹನನಿಗೆ ನಿದ್ದೆಯಿಲ್ಲ. ಬೈದಾಗ ನೆಮ್ಮದಿಯಾಗಿ ಮಲಗುತ್ತಿದ್ದ ಮನುಷ್ಯ, ಹೊಗಳಿಸಿಕೊಂಡು ಸೊರಗಿಹೋದ.

ಹುಳು ಸಾಗಿಸುವ ದಿನ ಬೆಳಿಗ್ಗೆ ಗೋಡೆಯ ಮೇಲೆ ತಲೆ ಮೂಡಿತು.

"ರಮೇಶ್‌ಬಾಬು, ಸ್ವಲ್ಪ ಬರ್ತೀಯಾ? ಬ್ರೇಕ್ ಯಾಕೋ ಒಂಥರಾ ಆಡ್ತಿದೆ."

ಹೋಗಿ ನೋಡಿದೆ. ತಟ್ಟೆಗಳೆಲ್ಲ ಆಗಲೇ ಟ್ರೇಲರಿನೊಳಗೆ ಸೇರಿ ಬಾಗಿಲು ಹಾಕಿಯಾಗಿತ್ತು. ಅಳಿಯನ ಹುಳುಗಳಿಗೆ ಬೆಂಗಾವಲಾಗಿ ಹಿಂದಿನ ದಿನವೇ ಬಂದಿಳಿದಿದ್ದ ಆವಲಪ್ಪನವರು ಬಿಳಿ ಪಂಚೆಯುಟ್ಟು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಟೋ ಎಲೆಕ್ಟ್ರಿಷಿಯನ್ ಉಸ್ಮಾನ್ ಸಾಬರು ಟ್ರೇಲರಿನ ಕೊಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಪಿಕಪ್ಪಿನಿಂದ ಟ್ರೇಲರಿಗೆ ಹೋಗುವ ವೈರು, ಅದರ ತುದಿಯ ದಪ್ಪ ಪ್ಲಗ್ಗು, ಎಲ್ಲವನ್ನೂ ಜೋಡಿಸಿದವರು ಅವರೇ. ಈಗ ಅವರು ಮೊದಲು ಫ್ಯೂಸ್ ಅಂದರು, ಬದಲಾಯಿಸಿದರು. ಆಮೇಲೆ ಬಲ್ಬ್ ಅಂದರು, ಅದನ್ನೂ ಬದಲಾಯಿಸಿದರು. ಬ್ರೇಕ್ ಒತ್ತಿದರೆ ಒಮ್ಮೆ ಚಕ್ರ ಹಿಡಿಯುತ್ತಿತ್ತು, ಇನ್ನೊಮ್ಮೆ ದೀಪ ಮಿಣುಕಿ ಸುಮ್ಮನಾಗುತ್ತಿತ್ತು. ಹಾಲು ಹಾಕಲು ಬಂದವನು ನಿಂತು ನೋಡಿ ಬ್ಯಾಟರಿ ಎಂದ. ಎದುರು ಮನೆಯ ನಿವೃತ್ತ ಲೈನ್‌ಮನ್ ಹಲ್ಲುಜ್ಜುತ್ತ ಬಂದು, ಇದು ಟ್ರಾನ್ಸ್‌ಫಾರ್ಮರಿನ ಸಮಸ್ಯೆ ಎಂದರು; ಅವರು ಮೂವತ್ತು ವರ್ಷದಿಂದ ಎಲ್ಲಕ್ಕೂ ಹಾಗೇ ಹೇಳಿಕೊಂಡು ಬಂದವರು.

ಕಡೆಗೆ ಉಸ್ಮಾನ್ ಸಾಬರು ಎದ್ದು ನಿಂತು, "ಅರ್ತ್ ಸಿಗ್ತಾ ಇಲ್ಲ ಮುರಳಿಯಣ್ಣ. ಹೋದ ಕರೆಂಟು ವಾಪಸ್ ಬರೋಕೆ ದಾರಿ ಇಲ್ಲ, ಅದಕ್ಕೇ ಸಿಕ್ಕಸಿಕ್ಕ ಕಡೆ ನುಗ್ತಿದೆ. ಎಲ್ಲಿ ಅಂತ ಮೀಟರ್ ಇಟ್ಟು ನೋಡಬೇಕು. ಮೀಟರ್ ನಮ್ಮ ಅಂಗಡಿ ಹುಡುಗ ವಾಸಿಫ್ ತಗೊಂಡು ಹೋಗಿದಾನೆ. ಇಸ್ಕೊಂಡು ಬರ್ತೀನಿ. ಅಲ್ಲೀವರೆಗೂ ಯಾರೂ ಏನೂ ಮುಟ್ಟಬೇಡಿ," ಎಂದು ಮೊಪೆಡ್ ಹತ್ತಿ ಹೋದರು.

ಆವಲಪ್ಪನವರು ಕುರ್ಚಿಯಿಂದ ಎದ್ದರು.

"ಅರ್ತ್ ಸಿಗ್ತಿಲ್ವಂತಾ?"

"ಹೌದು ಮಾವ."

"ಇಷ್ಟಕ್ಕೆ ಇಷ್ಟೊಂದು ಪಂಚಾಯ್ತಿಯಾ? ನಮ್ಮ ಬೋರ್‌ವೆಲ್ ಮೋಟ್ರಿಗೆ ಅರ್ತ್ ವೀಕಾದ್ರೆ ಏನ್ ಮಾಡ್ತೀವಿ? ಗುಂಡೀಗೆ ಕಲ್ಲುಪ್ಪು ಹಾಕಿ ನಾಕು ಬಿಂದಿಗೆ ನೀರು ಸುರೀತೀವಿ. ಬುಡ ಒಣಗಿದ್ರೆ ಅರ್ತ್ ಎಲ್ಲಿಂದ ಬರ್ತದೆ?"

"ಮಾವ, ಅದು ಮೋಟ್ರು. ಇದು ಗಾಡಿ."

"ಮೋಟ್ರಿಗೊಂದು ಕರೆಂಟು, ಗಾಡಿಗೊಂದು ಕರೆಂಟಾ? ಭಾನೂ, ಒಂದು ಬಕೆಟ್ ನೀರು ತಾರಮ್ಮ. ಉಪ್ಪು ಜಾಸ್ತಿ ಇರ್ಲಿ."

ಇಲ್ಲಿ ಮುರಳಿಮೋಹನ ಬೇಡ ಎನ್ನಬಹುದಾಗಿತ್ತು. ನಾನೂ ಎನ್ನಬಹುದಾಗಿತ್ತು. ಆದರೆ ಜೀವಮಾನದಲ್ಲೇ ಮೊದಲ ಸಲ ತನ್ನನ್ನು ನಂಬಿದ ಮಾವನಿಗೆ ಎದುರಾಡುವ ಧೈರ್ಯ ಅವನಿಗಿರಲಿಲ್ಲ, ಮತ್ತು ನನಗೆ ವಿದ್ಯುತ್ತಿನ ವಿಚಾರದಲ್ಲಿ ಗೊತ್ತಿರುವುದು ಜೆರಾಕ್ಸ್ ಮಿಷನ್ನಿನ ಸ್ವಿಚ್ ಮಾತ್ರ. ಭಾನುಪ್ರಿಯಾ ಬಕೆಟ್ ತಂದಳು. ಆವಲಪ್ಪನವರು ಪಂಚೆ ಎತ್ತಿ ಕಟ್ಟಿ, ಕೊಂಡಿಯ ಮೇಲೆ, ಪ್ಲಗ್ಗಿನ ಮೇಲೆ, ವೈರು ಹೋಗುವ ತೂತಿನೊಳಗೆ, ಒಂದು ಹನಿಯೂ ವ್ಯರ್ಥವಾಗದಂತೆ ಉಪ್ಪುನೀರು ಕುಡಿಸಿದರು. ಎಳೆ ತೆಂಗಿನ ಸಸಿಗೂ ಅಷ್ಟು ಪ್ರೀತಿಯಿಂದ ನೀರು ಹಾಕುವುದನ್ನು ನಾನು ಕಂಡಿಲ್ಲ.

"ಈಗ ಒತ್ತಪ್ಪ," ಎಂದರು.

ಮುರಳಿಮೋಹನ ಸ್ವಲ್ಪ ಮುಂದಕ್ಕೆ ಓಡಿಸಿ ಬ್ರೇಕ್ ಒತ್ತಿದ. ಟ್ರೇಲರಿನ ದೀಪಗಳೆಲ್ಲ ಒಟ್ಟಿಗೆ ಝಗ್ಗೆಂದು ಹತ್ತಿಕೊಂಡವು. ಚಕ್ರ ಮಾತ್ರ ಹಿಡಿಯಲೇ ಇಲ್ಲ. ಟ್ರೇಲರ್ ಬಂದು ಪಿಕಪ್ಪಿನ ಬೆನ್ನಿಗೆ ದೂಡಿತು. ಅವನು ಗಾಬರಿಯಲ್ಲಿ ಏನೇನೋ ತಡಕಾಡುವಾಗ ಕೈ ತಗುಲಿ ಎಡ ಇಂಡಿಕೇಟರ್ ಆನ್ ಆಯಿತು. ಟಕ್, ಟಕ್, ಟಕ್ ಎಂದು ಟ್ರೇಲರ್ ಹಿಡಿದು ಬಿಟ್ಟು ಹಿಡಿದು ಬಿಟ್ಟು ನಿಂತುಕೊಂಡಿತು.

ಮತ್ತೆ ನೋಡಿದೆವು. ಅದೇ. ಬಲಕ್ಕೆ ಹಾಕಿದರೆ ಏನೂ ಇಲ್ಲ. ಬ್ರೇಕ್ ಒತ್ತಿದರೆ ದೀಪ. ಎಡ ಇಂಡಿಕೇಟರ್ ಹಾಕಿದರೆ ಬ್ರೇಕ್.

"ನೋಡಿದ್ಯಾ, ಹಿಡೀತು," ಎಂದರು ಆವಲಪ್ಪನವರು. "ಎಲ್ಲಿ ಹಿಡಿದ್ರೇನು, ಹಿಡಿಯೋದು ಮುಖ್ಯ."

ಉಸ್ಮಾನ್ ಸಾಬರ ಸುಳಿವಿಲ್ಲ. ಫೋನ್ ಮಾಡಿದರೆ ವಾಸಿಫ್ ಮೀಟರ್ ಸಮೇತ ಎಲ್ಲೋ ಹಳ್ಳಿಗೆ ಹೋಗಿದ್ದಾನೆ, ತಾವು ಅಲ್ಲಿಗೇ ಹೊರಟಿರುವುದಾಗಿ ಹೇಳಿದರು. ಇತ್ತ ಬಿಸಿಲು ಏರುತ್ತಿತ್ತು. ಭಾನುಪ್ರಿಯಾ ಟ್ರೇಲರಿನ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಳು. ಹುಳು ಎದ್ದರೆ ಕೂಗುತ್ತವೆಯೇನೋ ಎಂಬಂತೆ. "ಮಧ್ಯಾಹ್ನದ ಹೊತ್ತಿಗೆ ಎದ್ದುಬಿಡ್ತವೆ ರೀ. ಇನ್ನು ಕಾಯೋಕಾಗಲ್ಲ," ಎಂದಳು.

ಮುರಳಿಮೋಹನ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. "ಹೋಗಣ. ನಿಧಾನಕ್ಕೆ ಹೋಗಣ. ಪಿಕಪ್ಪಿಗೆ ಅದರ ಬ್ರೇಕ್ ಹೆಂಗೂ ಇದೆ. ಟ್ರೇಲರ್ ತಳ್ಳುದ್ರೆ ಎಡ ಇಂಡಿಕೇಟರ್ ಹಾಕ್ಕೊಳ್ಳಣ," ಎಂದ. ನಾನು ಮನೆಗೆ ಹೋಗಿ ಬಾಗಿಲು ಹಾಕಿಕೊಂಡುಬಿಡೋಣ ಎನ್ನುವಷ್ಟರಲ್ಲಿ ಆವಲಪ್ಪನವರು ನನ್ನ ರಟ್ಟೆ ಹಿಡಿದು ಪಿಕಪ್ಪಿನ ನಡುವಿನ ಸೀಟಿಗೆ ಏರಿಸಿ, ತಾವು ಕಿಟಕಿಯ ಪಕ್ಕ ಕೂತರು. ಗೇರಿನ ಕೋಲು ನನ್ನ ಮೊಣಕಾಲುಗಳ ಮಧ್ಯೆ ಬಂತು.

ಚಿಂತಾಮಣಿ ರಸ್ತೆ ನಾನು ಸಾವಿರ ಸಲ ಓಡಾಡಿದ ರಸ್ತೆ. ಅದರಲ್ಲಿ ಅಷ್ಟು ಇಳಿಜಾರು, ಅಷ್ಟು ಹಂಪ್‌ಗಳು ಇವೆಯೆಂದು ಅವತ್ತೇ ಗೊತ್ತಾಗಿದ್ದು. ಪ್ರತಿ ಹಂಪಿಗೂ ಮುರಳಿಮೋಹನ ಎಡ ಇಂಡಿಕೇಟರ್ ಹಾಕುತ್ತಿದ್ದ. ಟ್ರೇಲರ್ ಟಕ್ ಟಕ್ ಎಂದು ಜಗ್ಗುತ್ತಿತ್ತು, ನಾವು ಮೂವರೂ ಒಟ್ಟಿಗೆ ತಲೆ ಅಲ್ಲಾಡಿಸುತ್ತಿದ್ದೆವು. ಎದುರಿಗೆ ಬರುವವರಿಗೆ ನಾವು ಏನನ್ನೋ ಒಪ್ಪಿಕೊಳ್ಳುತ್ತಿರುವಂತೆ ಕಾಣುತ್ತಿತ್ತು. ಹುಳುಗಳು ಅಲುಗಬಾರದೆಂದು, ಟ್ರೇಲರ್ ಬ್ರೇಕಿನ ಬಿಗಿ ಹೆಚ್ಚು ಕಮ್ಮಿ ಮಾಡುವ, ಡ್ಯಾಶ್‌ಬೋರ್ಡಿನ ಕೆಳಗಿನ ಡಬ್ಬಿಯ ತಿರುಪನ್ನು ಅವನು ಆದಷ್ಟು ಕಡಿಮೆಗೆ ಇಟ್ಟಿದ್ದ. ಹಿಂದಿನ ಬಸ್ಸಿನವನು, ನಾವು ಎಡಕ್ಕೆ ಹೋಗುತ್ತೇವೆಂದು ಬಲಕ್ಕೆ ನುಗ್ಗಿ, ನಾವು ಹೋಗದೆ ಇದ್ದದ್ದು ಕಂಡು, ಪಕ್ಕಕ್ಕೆ ಬಂದಾಗ ಕಿಟಕಿಯಿಂದ ನಮ್ಮ ವಂಶದವರನ್ನೆಲ್ಲ ವಿಚಾರಿಸಿಕೊಂಡು ಹೋದ.

ನನ್ನ ಫೋನು ಬಡಿದುಕೊಂಡಿತು. ಭಾನುಪ್ರಿಯಾ.

"ರಮೇಶಣ್ಣ, ಎದ್ವಾ?"

"ಬಾಗಿಲು ತೆಗೀಬಾರದಲ್ಲಮ್ಮ. ಹೆಂಗೆ ಗೊತ್ತಾಗ್ಬೇಕು?"

"ಸರಿ, ಎದ್ದ ತಕ್ಷಣ ಹೇಳಿ."

ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಕಲ್ಯಾಣ ಮಂಟಪ. ಅದರ ಗೇಟು ರಸ್ತೆಯ ಎಡಕ್ಕೆ. ಗೇಟಿನ ಎದುರಿಗೇ ಹಂಪ್. ಬೇರೆ ದಾರಿಯಿಲ್ಲದೆ ಮುರಳಿಮೋಹನ ದೂರದಿಂದಲೇ ಎಡ ಇಂಡಿಕೇಟರ್ ಹಾಕಿದ. ಗೇಟಿನಲ್ಲಿ ಹೆಣ್ಣಿನ ಕಡೆಯವರು ತಟ್ಟೆ, ಹಾರ, ಪನ್ನೀರು ಹಿಡಿದು ಗಂಡಿನ ಕಡೆಯವರಿಗಾಗಿ ಕಾಯುತ್ತಿದ್ದರು. ಮಿರಮಿರ ಮಿಂಚುವ ಬಿಳಿ ಡಬ್ಬಿಯೊಂದು ಎಡಕ್ಕೆ ಸಿಗ್ನಲ್ ಹಾಕಿಕೊಂಡು, ಗಾಂಭೀರ್ಯದಿಂದ ತಲೆದೂಗುತ್ತ ಬರುವುದನ್ನು ಕಂಡ ಕೂಡಲೇ ಓಲಗದವರಿಗೆ ಕೈ ತೋರಿಸಿದರು. ಓಲಗ ಶುರುವಾಯಿತು.

ಹಂಪಿನ ಮೇಲೆ ನಾವು ನಿಂತೇಬಿಟ್ಟೆವು. ಒಬ್ಬರು ಕಿಟಕಿಯೊಳಗೆ ಕೈಹಾಕಿ ಆವಲಪ್ಪನವರ ಕೊರಳಿಗೆ ಗುಲಾಬಿ ಹಾರ ಹಾಕಿದರು. ಊದುಬತ್ತಿ ಹಿಡಿದ ಮುದುಕರು ಟ್ರೇಲರಿನ ಕಡೆಗೆ ನಡೆದರು. ರೇಷ್ಮೆ ಸೀರೆಯ ಹುಡುಗಿಯೊಬ್ಬಳು ಪನ್ನೀರು ದಾನಿ ಎತ್ತಿದಳು. ಮುರಳಿಮೋಹನನ ಮುಖ ಬಿಳುಚಿಕೊಂಡಿತು. ಹುಳುವಿಗೆ ಹೊಗೆ, ಸೆಂಟು, ಘಾಟು ಯಾವುದೂ ಆಗದು.

"ಊದುಬತ್ತಿ ಬೇಡ, ಊದುಬತ್ತಿ ಬೇಡ. ಪನ್ನೀರು ಹಾಕಬೇಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಅವನು ಕಿಟಕಿಯಿಂದ ಅರ್ಧ ಹೊರಗೆ ಬಂದ.

ಮುದುಕರಿಗೆ ಸಿಟ್ಟು ಬಂತು. "ಪನ್ನೀರೂ ಬೇಡ್ವಾ? ನಾವು ಮಾಡಿದ್ದು ಯಾವುದೂ ಬೀಗರಿಗೆ ಹಿಡಿಸಲ್ಲ ಅನ್ನಿ. ಹೋಗ್ಲಿ, ಮದುವೆ ಗಂಡೆಲ್ಲಿ?"

"ಹಿಂದೆ ಮಲಗವೆ," ಎಂದರು ಆವಲಪ್ಪನವರು, ಹಾರ ಸರಿಮಾಡಿಕೊಳ್ಳುತ್ತ. ಅವರಿಗೆ ಅಳಿಯನ ಹುಳು ಬಿಟ್ಟರೆ ಬೇರೆ ಪ್ರಪಂಚವೇ ಇರಲಿಲ್ಲ. "ಎಬ್ಬಿಸಬೇಡಿ, ಎದ್ರೆ ತಡೆಯೋಕಾಗಲ್ಲ, ಸೊಪ್ಪು ಕೇಳ್ತವೆ."

ಓಲಗ ನಿಂತಿತು. ಅವರು ಬಾಯಿ ತೆರೆಯುವ ಮೊದಲೇ ಮುರಳಿಮೋಹನ ಇಂಡಿಕೇಟರ್ ತೆಗೆದು ಗಾಡಿ ಎಳೆದ. ಕನ್ನಡಿಯಲ್ಲಿ ನೋಡಿದೆ; ಹೆಣ್ಣಿನ ತಂದೆ ಇರಬೇಕು, ಪಾಪ, ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು.

"ಹಾರ ತೆಗೀರಿ ಮಾವ. ಅದು ನಮ್ಮದಲ್ಲ," ಎಂದ ಮುರಳಿಮೋಹನ.

"ಹಾಕಿದೋರು ಮರ್ಯಾದೆಯಿಂದ ಹಾಕವ್ರೆ. ಕಿತ್ತು ಬಿಸಾಕೋಕೆ ನಂಗೇನು ತಲೆ ಕೆಟ್ಟದಾ?"

ಮುಂದಿನ ಸರ್ಕಲ್ಲಿನಲ್ಲಿ ಟ್ರಾಫಿಕ್ ಕಾನ್‌ಸ್ಟೇಬಲ್ ಅಡ್ಡ ಬಂದ. ಅವನ ಮುಖದಲ್ಲಿ ಸಿಟ್ಟಿಗಿಂತ ಕುತೂಹಲವೇ ಹೆಚ್ಚಿತ್ತು.

"ಎಡಕ್ಕೆ ಅಂತ ಸಿಗ್ನಲ್ ಕೊಡ್ತೀರ, ನೇರ ಬರ್ತೀರ. ಹಿಂದೆ ಬರೋರು ನಿಮ್ಮ ಮನಸ್ಸಲ್ಲಿರೋದು ಓದ್ಕೋಬೇಕಾ?"

"ಸಾರ್, ಅದು ಇಂಡಿಕೇಟರ್ ಅಲ್ಲ. ಬ್ರೇಕು," ಎಂದ ಮುರಳಿಮೋಹನ.

"ಹಂಗಾದ್ರೆ ಬ್ರೇಕ್ ಯಾವುದು?"

"ಬ್ರೇಕ್ ಒತ್ತುದ್ರೆ ಲೈಟ್ ಹತ್ತುತ್ತೆ ಸಾರ್."

"ಹಾರ್ನ್ ಒತ್ತುದ್ರೆ?"

"ಅದಿನ್ನೂ ನೋಡಿಲ್ಲ ಸಾರ್."

ಕಾನ್‌ಸ್ಟೇಬಲ್ ಬಗ್ಗಿ ಕಿಟಕಿಯೊಳಗೆ ಇಣುಕಿದ. ಹಾರ ಹಾಕಿಕೊಂಡ ಆವಲಪ್ಪನವರನ್ನು ನೋಡಿದ, ಮೊಣಕಾಲಿನ ಮಧ್ಯೆ ಗೇರ್ ಇಟ್ಟುಕೊಂಡ ನನ್ನನ್ನು ನೋಡಿದ. ಕೆಳಗಿಳೀರಿ ಎನ್ನುತ್ತಾನೆ, ಗಾಡಿ ಸ್ಟೇಷನ್ನಿಗೆ ಹೋಗುತ್ತದೆ, ಹುಳುಗಳು ಸ್ಟೇಷನ್ನಿನ ಅಂಗಳದಲ್ಲಿ ಎದ್ದು ಕೂರುತ್ತವೆ ಎಂದು ನನಗೆ ಖಾತ್ರಿಯಾಯಿತು.

"ಹಿಂದೆ ಏನಿದೆ?" ಎಂದ.

"ಚಾಕಿ ಹುಳ ಸಾರ್. ಎರಡನೇ ಜ್ವರದಲ್ಲಿವೆ."

ಅವನ ದನಿ ಅಲ್ಲಿಗೇ ಇಳಿಯಿತು. ತುಟಿಯಿಂದ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡ. "ಮೊದ್ಲೇ ಹೇಳಬಾರದಾ ಸ್ವಾಮಿ. ಎಷ್ಟೊತ್ತಿಗೆ ಕೂತಿದ್ದು?"

"ನಿನ್ನೆ ಮಧ್ಯಾಹ್ನ ಸಾರ್."

"ಅಯ್ಯೋ, ಹಂಗಾದ್ರೆ ಏಳೋ ಹೊತ್ತು. ನಮ್ಮ ಮನೇಲೂ ಸಾಕ್ತಾರೆ, ನಂಗೊತ್ತಿಲ್ವಾ?" ಎಂದು ಪಿಸುಗುಟ್ಟಿ, ತುದಿಗಾಲಲ್ಲಿ ನಡುರಸ್ತೆಗೆ ಹೋಗಿ, ಎರಡೂ ಕಡೆಯ ವಾಹನಗಳನ್ನು ನಿಲ್ಲಿಸಿದ. ಹಾರ್ನ್ ಮಾಡಿದ ಲಾರಿಯವನಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಮಂತ್ರಿಗಳ ಕಾರಿಗೂ ಸಿಗದ ಮರ್ಯಾದೆಯಲ್ಲಿ ನಾವು ಸರ್ಕಲ್ ದಾಟಿದೆವು. ಆದರೆ ಅವನು ಹೇಳಿದ 'ಏಳೋ ಹೊತ್ತು' ಎನ್ನುವ ಮಾತು ಮುರಳಿಮೋಹನನ ಕಿವಿಯಲ್ಲಿ ಕೂತುಬಿಟ್ಟಿತು.

"ಎಲ್ಲಾ ಹೋಗ್ಲಿ ರಮೇಶ್‌ಬಾಬು," ಎಂದ ಮೆಲ್ಲಗೆ, ಮಾವ ನಿದ್ದೆ ತೂಗುತ್ತಿರುವುದನ್ನು ನೋಡಿ. "ನನ್ನನ್ನ ಬೈಯಲಿ, ನಂಗೆ ಅಭ್ಯಾಸ ಇದೆ. ಈ ಮುದುಕ ಊರಲ್ಲಿ ತಲೆ ತಗ್ಗಿಸಬಾರದು ಕಣೋ. ನನ್ನನ್ನ ನಂಬಿಬಿಟ್ಟಿದಾನೆ."

ರಸ್ತೆ ನೋಡಿಕೊಂಡು ಓಡಿಸು ಎಂದು ಗದರಿಸಿದೆ.

ಮುಖ್ಯರಸ್ತೆ ಬಿಟ್ಟು ಹಳ್ಳಿಯ ರಸ್ತೆಗೆ ಹೊರಳಿದ ಮೇಲೆ ಆವಲಪ್ಪನವರು ಎಚ್ಚರಾಗಿ ಬೆನ್ನು ನೆಟ್ಟಗೆ ಮಾಡಿದರು. ಕತ್ತನ್ನು ಬಲಕ್ಕೆ ತಿರು‌ಗಿಸಿ ನನ್ನ ಕಿವಿಯನ್ನೇ ನೋಡತೊಡಗಿದರು. ಇದಕ್ಕೆ ಕಾರಣವಿತ್ತು. ಊರಿಗೆ ಇನ್ನೂ ಒಂದಷ್ಟು ದೂರವಿರುವಾಗ, ಒಂದು ಇಳಿಜಾರು, ಅದರ ಮೇಲ್ತುದಿಯಲ್ಲಿ ಮೋರಿ, ಕೆಳಗೆ ಎಡಗಡೆ ಅವರ ಒಡಹುಟ್ಟಿದ ತಮ್ಮ ಬಯ್ಯಪ್ಪನವರ ತೋಟದ ಮನೆ. ಅಣ್ಣತಮ್ಮಂದಿರಿಗೆ ಮಾತು ಬಿಟ್ಟು ಆರು ವರ್ಷ. ಬಯ್ಯಪ್ಪನವರ ಮಗಳ ಮದುವೆಯ ಆಹ್ವಾನ ಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಸಾಲಿನಲ್ಲಿ ಆವಲಪ್ಪನವರ ಹೆಸರು ಬಯ್ಯಪ್ಪನವರ ಭಾವಮೈದನ ಹೆಸರಿನ ಕೆಳಗೆ ಬಿದ್ದಿತ್ತು. ಪ್ರೆಸ್ಸಿನವನ ತಪ್ಪು ಎಂದು ತಮ್ಮ ಹೇಳಿದರು. ಪ್ರೂಫ್ ಯಾರು ನೋಡಿದ್ದು ಎಂದು ಅಣ್ಣ ಕೇಳಿದರು. ಅಂದಿನಿಂದ ಆ ಗೇಟಿನ ಮುಂದೆ ಹಾದುಹೋಗುವಾಗ ಆವಲಪ್ಪನವರು ಬಲಕ್ಕೆ ನೋಡುತ್ತಾರೆ. ಬಲಕ್ಕೆ ಏನೂ ಇಲ್ಲ, ಒಂದು ಬಂಡೆ ಇದೆ.

ಇಳಿಜಾರಿನಲ್ಲಿ ಟ್ರೇಲರ್ ತಳ್ಳತೊಡಗಿತು. ಕೆಳಗೆ ಬಲಕ್ಕೆ ತಿರುವು, ತಿರುವಿನ ಆಚೆ ಗುಂಡಿ. ಮುರಳಿಮೋಹನ ಮೋರಿಯ ಹತ್ತಿರದಿಂದಲೇ ಎಡ ಇಂಡಿಕೇಟರ್ ಹಾಕಿದ. ಟಕ್, ಟಕ್ ಎಂದು ಹಿಡಿಯಿತು. ಆಮೇಲೆ ಟಕ್ ಎನ್ನುವುದು ನಿಂತು ಗರ್ ಎಂದು ಹಿಡಿದದ್ದು ಬಿಡಲೇ ಇಲ್ಲ. ಉಪ್ಪುನೀರು ಬೆಳಗಿನಿಂದ ಒಳಗೆ ಮಾಡುತ್ತಿದ್ದ ಕೆಲಸ ಅಲ್ಲಿಗೆ ಮುಗಿದಿತ್ತು. ಗಾಡಿ ನಾಕು ಮಾರು ಉಜ್ಜಿಕೊಂಡು ಹೋಗಿ ಬಯ್ಯಪ್ಪನವರ ಗೇಟಿನ ಎದುರಿಗೆ, ಸರಿಯಾಗಿ ಎದುರಿಗೆ, ಕಲ್ಲಿನಂತೆ ನಿಂತಿತು. ಇಂಡಿಕೇಟರ್ ಮಾತ್ರ ಎಡಕ್ಕೆ ಮಿಣುಕುತ್ತಲೇ ಇತ್ತು.

"ಹೊರಡು," ಎಂದರು ಆವಲಪ್ಪನವರು, ಬಂಡೆಯನ್ನು ನೋಡುತ್ತ.

"ಬರ್ತಾ ಇಲ್ಲ ಮಾವ."

"ಇಲ್ಲಿ ನಿಲ್ಲಬೇಡ ಮುರಳಿ. ಎಲ್ಲಾದ್ರೂ ನಿಲ್ಲು, ಇಲ್ಲಿ ಬೇಡ."

ಜಗಲಿಯಿಂದ ಬಯ್ಯಪ್ಪನವರು ಎದ್ದು ಬಂದರು. ಮಿಣುಕುವ ದೀಪ ನೋಡಿದರು. ಒಳಗೆ ಹಾರ ಹಾಕಿಕೊಂಡು ಕೂತ ಅಣ್ಣನನ್ನು ನೋಡಿದರು. ಹೆಗಲ ಟವೆಲ್ಲಿನಿಂದ ಒಮ್ಮೆ ಮುಖ ಒರೆಸಿಕೊಂಡು, ಗೇಟಿನ ಎರಡೂ ಬಾಗಿಲನ್ನು ಪೂರ್ತಿ ತೆರೆದರು.

"ಶ್ಯಾಮಲಾ," ಎಂದು ಹೆಂಡತಿಯನ್ನು ಕೂಗಿದರು. "ಅಣ್ಣ ಬಂದವ್ರೆ. ನೀರು ತಗೊಂಬಾ."

ಅದೇ ಹೊತ್ತಿಗೆ ಫೋನು. "ರಮೇಶಣ್ಣ, ಎದ್ವಾ?"

ಮುರಳಿಮೋಹನ ಓಡಿಹೋಗಿ ಟ್ರೇಲರಿನ ಬಾಗಿಲನ್ನು ಒಂದಿಷ್ಟೇ ಸರಿಸಿ ಇಣುಕಿದ. ತಿರುಗಿ ನನ್ನನ್ನು ನೋಡಿದ. "ಎದ್ದುಬಿಟ್ಟವು," ಎಂದು ಕೂಗಿದ. ಕೆಳಗಿನ ತಟ್ಟೆಗಳಲ್ಲಿ ಹುಳುಗಳು ಪೊರೆ ಬಿಟ್ಟು, ತಲೆ ಆಡಿಸುತ್ತ, ಇಲ್ಲದ ಸೊಪ್ಪು ಹುಡುಕುತ್ತಿದ್ದವು. ಬ್ರೇಕ್ ಹಿಡಿದಲ್ಲೇ ಎ.ಸಿ.ಯೂ ನಿಂತು ಒಳಗೆ ಧಗೆ ಏರುತ್ತಿತ್ತು.

"ಎದ್ದವಮ್ಮ," ಎಂದು ಫೋನಿಗೆ ಹೇಳಿದೆ.

ಬಯ್ಯಪ್ಪನವರು ಅರ್ಥ ಮಾಡಿಕೊಂಡರು. ಅವರ ಮನೆಯಲ್ಲೂ ಹುಳದ ಮನೆ ತೊಳೆದು ಸಿದ್ಧವಾಗಿತ್ತು. ನಾಳೆ ಬೇರೆ ಕೇಂದ್ರದಿಂದ ಅವರ ಹುಳು ಬರುವುದಿತ್ತು. ಅವರು ಅಣ್ಣನಿಂದ ಒಂದು ತೋಳಿನ ದೂರದಲ್ಲಿ, ಕಿಟಕಿಯ ಹತ್ತಿರವೇ ನಿಂತು, ನನ್ನ ಕಡೆ ತಿರುಗಿದರು.

"ಏನಪ್ಪಾ, ಹುಳ ಇಳಿಸಿ ನಮ್ಮ ಮನೇಗೆ ಹಾಕ್ಲಿ ಅಂತ ನಿಮ್ಮ ಯಜಮಾನ್ರಿಗೆ ಹೇಳಪ್ಪ. ಸೊಪ್ಪು ಐತೆ ಅಂತ ಹೇಳು."

ನಾನು ಆವಲಪ್ಪನವರ ಕಡೆ ತಿರುಗಿದೆ. "ಮನೆಗೆ ಹಾಕಿ ಅಂತಾರೆ."

"ನಂಗೆ ಕಿವಿ ಕೇಳ್ಸುತ್ತೆ. ಔಷಧಿ ಹೊಡ್ದಿದಾರಾ ಕೇಳು."

"ಔಷಧಿ ಹೊಡ್ದಿದೀರಾ?"

"ಮೊನ್ನೇನೇ ಹೊಡ್ದಿದೀನಿ ಅಂತ ಹೇಳು."

"ಮೊನ್ನೇನೇ..."

"ಯಾವ ಸೊಪ್ಪು ಅಂತ ಕೇಳು. ಬಲಿತ ಸೊಪ್ಪಾದ್ರೆ ಬೇಡ."

"ತುದಿ ಸೊಪ್ಪು, ಈಗ ತಾನೆ ಕೊಯ್ದಿದ್ದು ಅಂತ ಹೇಳು."

ಇವರ ಮಾತು ನನ್ನ ಮೂಗಿನ ಮುಂದೆ ಹಾದುಹೋಗುತ್ತಿತ್ತು, ನಾನು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು. ಅಷ್ಟರಲ್ಲಿ ಮುರಳಿಮೋಹನ ಯಾರ ಅಪ್ಪಣೆಗೂ ಕಾಯದೆ ಮೊದಲ ತಟ್ಟೆ ಎತ್ತಿಕೊಂಡು ಗೇಟಿನೊಳಗೆ ನುಗ್ಗಿದ. ನಾನೂ ಗೇರಿನಿಂದ ಬಿಡಿಸಿಕೊಂಡು ಹಿಂದೆ ಓಡಿದೆ. ಶ್ಯಾಮಲಮ್ಮ ನೀರಿನ ಚೊಂಬು ಜಗಲಿಯ ಮೇಲಿಟ್ಟು ಸೆರಗು ಸಿಕ್ಕಿಸಿ ತಟ್ಟೆ ಹೊರತೊಡಗಿದರು. ಬಯ್ಯಪ್ಪನವರು ಹುಳದ ಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಚರಚರನೆ ಸೊಪ್ಪು ಹೆಚ್ಚಲು ಕೂತರು. ಕಣ್ಣು ಗಾಡಿಯ ಕಡೆಗೇ ಇದ್ದದ್ದರಿಂದ ಸೊಪ್ಪು ಒಂದು ಸಣ್ಣ ಒಂದು ದಪ್ಪ ಬೀಳುತ್ತಿತ್ತು.

ಆವಲಪ್ಪನವರು ಗಾಡಿಯಲ್ಲಿ ಒಬ್ಬರೇ ಕೂತಿದ್ದರು. ಬಲಕ್ಕೆ ಬಂಡೆ ನೋಡಿದರು. ಎಡಕ್ಕೆ ಕಣ್ಣು ಹಾಯಿಸಿದರು. ಮತ್ತೆ ಬಂಡೆ ನೋಡಿದರು. ಕಡೆಗೆ ಬಾಗಿಲು ತೆರೆದು ಇಳಿದು, ಚಪ್ಪಲಿ ಗೇಟಿನಲ್ಲೇ ಬಿಟ್ಟು, ಹಾರ ಸಮೇತ ದಾಪುಗಾಲು ಹಾಕುತ್ತ ಬಂದರು.

"ಅಷ್ಟು ದಪ್ಪ ಹೆಚ್ಚುದ್ರೆ ಮರಿ ಹೆಂಗೋ ತಿಂತವೆ? ಇಷ್ಟು ವರ್ಷ ಹುಳ ಸಾಕಿ ಇದೇನಾ ಕಲ್ತಿದ್ದು? ಸರಿ ಆಕಡೆ, ಕುಡುಗೋಲು ಕೊಡಿಲ್ಲಿ."

ಆರು ವರ್ಷದ ಮೇಲೆ ತಮ್ಮನಿಗೆ ಅವರಾಡಿದ ಮೊದಲ ಮಾತು ಇದು. ಬಯ್ಯಪ್ಪನವರು ಎದ್ದು ಮಣೆ ಬಿಟ್ಟುಕೊಟ್ಟರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಅಣ್ಣ ಹೆಚ್ಚಿದರು, ತಮ್ಮ ತಟ್ಟೆಗೆ ಉದುರಿಸಿದರು. ತುಸು ಹೊತ್ತಿನಲ್ಲಿ ತಟ್ಟೆಗಳಿಂದ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಎದ್ದಿತು. ಮುರಳಿಮೋಹನ ಗೋಡೆಗೊರಗಿ ನೆಲಕ್ಕೆ ಕುಸಿದು ಕೂತು, ಮಗುವಿನ ಹಾಗೆ ಅತ್ತುಬಿಟ್ಟ.

ಸುದ್ದಿ ಹೋಗಿ ಊರಿನ ಮನೆಗಳವರು ಬೈಕು, ಮೊಪೆಡ್, ಆಟೋ ಹಿಡಿದು ಬಂದರು. ಹೊಟ್ಟೆ ತುಂಬಿದ ಹುಳುಗಳನ್ನು ನೋಡಿ, ಬೆರಳಲ್ಲಿ ಮುಟ್ಟಿ, ಆವಲಪ್ಪನವರ ಕಡೆ ತಿರುಗಿ ತಲೆಯಾಡಿಸಿದರು. ಬಿಸಿಲು ಇಳಿದ ಮೇಲೆ ತಮ್ಮ ತಮ್ಮ ತಟ್ಟೆ ಒಯ್ಯುತ್ತೇವೆಂದರು. "ನಿಮ್ಮ ಅಳಿಯ ಪರವಾಗಿಲ್ಲ," ಎಂದ ಒಬ್ಬ. "ಪರವಾಗಿಲ್ಲ ಅಂದ್ರೆ ಏನಯ್ಯ?" ಎಂದು ಆವಲಪ್ಪನವರು ಅವನ ಮೇಲೆ ಜಗಳಕ್ಕೇ ಹೋದರು.

ಉಸ್ಮಾನ್ ಸಾಬರು ಫೋನಿನಲ್ಲಿ ದಾರಿ ಕೇಳಿಕೊಂಡು, ಮೀಟರ್ ಹಿಡಿದು, ಮೈಯೆಲ್ಲ ಧೂಳಾಗಿ ಬಂದಿಳಿದಾಗ ನಾವೆಲ್ಲ ಬಯ್ಯಪ್ಪನವರ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಅವರು ಟ್ರೇಲರಿನ ಕೆಳಗೆ ತೂರಿ, ಅರ್ತಿನ ವೈರು ಕೂರಿಸಿದ್ದ ಬೋಲ್ಟ್ ಬಿಚ್ಚಿ, ಕರೆಂಟಿಗೆ ಅಡ್ಡವಾಗಿ ಅಡಿಯಲ್ಲಿದ್ದ ಬಿಳಿ ಬಣ್ಣ ಕೆರೆದು ಮತ್ತೆ ಬಿಗಿದರು. ಪ್ಲಗ್ಗಿನಿಂದ ಉಪ್ಪು ಒರೆಸಿದರು. ಬಣ್ಣದ ಮೇಲೇ ವೈರು ಬಿಗಿದದ್ದು ತಾವೇ ಎಂದೂ, ಕೆರೆಯಲು ಹೋದಾಗ ಮುರಳಿಯಣ್ಣ ಹೊಡೆಯಲು ಬಂದಿದ್ದರೆಂದೂ ನನಗೆ ಮಾತ್ರ ಕೇಳುವಂತೆ ಹೇಳಿದರು. ಬ್ರೇಕ್ ಒತ್ತಿದರೆ ಬ್ರೇಕ್ ಹಿಡಿಯಿತು. ಇಂಡಿಕೇಟರ್ ಹಾಕಿದರೆ ದೀಪ ಮಿಣುಕಿತು, ಅಷ್ಟೇ.

ಬಯ್ಯಪ್ಪನವರು ಅಣ್ಣನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತ ಹೇಳಿದರು. "ನೀನು ಇನ್ನು ಈ ಬಾಗಿಲು ತುಳಿಯಲ್ಲ ಅಂತ್ಲೇ ಅಂದ್ಕೊಂಡಿದ್ದೆ ಕಣಣ್ಣ. ನಿನ್ ಗಾಡಿ ಅಂತ ಗೊತ್ತಾದಾಗ ಒಳಗೆ ಎದ್ದು ಹೋಗೋಣ ಅಂತಿದ್ದೆ. ಆಮೇಲೆ ನೋಡ್ತೀನಿ, ಮೋರಿ ಹತ್ರಾನೇ ಎಡಕ್ಕೆ ಇಂಡಿಕೇಟರ್ ಹಾಕವ್ನೆ. ಅಷ್ಟು ದೂರದಿಂದ್ಲೇ. ನನ್ನ ಮನೇಗೇ ಬರ್ತವ್ನೆ ಅಂತ ಆಗ ಗೊತ್ತಾಯ್ತು."

"ಅದು ಇಂಡಿಕೇಟರ್ ಅಲ್ಲ ಸ್ವಾಮಿ, ಅರ್ತ್ ಸಿಗದೇ..." ಎಂದು ಉಸ್ಮಾನ್ ಸಾಬರು ಶುರು ಮಾಡಿದರು. "ನೋಡಿ ಚಿಕ್ಕಮಾವ, ಏನಾಯ್ತು ಅಂದ್ರೆ ಬ್ರೇಕಿನ ವೈರು..." ಎಂದು ಮುರಳಿಮೋಹನನೂ ಬಾಯಿ ತೆರೆದ.

ಆವಲಪ್ಪನವರು ಲೋಟ ಕೆಳಗಿಟ್ಟು, ಕೈಯೆತ್ತಿ ಇಬ್ಬರನ್ನೂ ತಡೆದರು. ತಮ್ಮನ ಮುಖವನ್ನು ನೇರವಾಗಿ ನೋಡಿದರು.

"ಹೂಂ ಕಣೋ ಬಯ್ಯ," ಎಂದರು. "ನಾನೇ ಹಾಕು ಅಂದೆ."